ಕೆಂಡಲ್ ತಂಬಾಕು ಅಂತ ಪನ್ನೀರು ಹಚ್ಚಿದ ಎಲೆ ಮಾರಿದ, ದಯವಿಟ್ಟು ನೀವು ಮೋಸ ಹೋಗಬೇಡಿ

ಇಂಗ್ಲೆಂಡಿನಲ್ಲಿದ್ದು ಪೈಪ್ ಸೇದುವ ಕನ್ನಡದವರು ಯಾರಾದರೂ ಇದ್ದರೆ ಮೊದಲು ಇದನ್ನು ಓದಿ. ಬಿಡಿ ಚೀಲದಲ್ಲಿ ತುಂಬಿ, ಮೇಲೊಂದು ಕೈಬರಹದ ಚೀಟಿ ಅಂಟಿಸಿ, ಕೆಂಡಲ್‌ನ ಹೂವಿನ ಘಮದ ತಂಬಾಕು ಅಂತ ಮಾರುವವರ ಹತ್ತಿರ ಏನೂ ತಗೊಳ್ಳಬೇಡಿ. ನಾನು ತಗೊಂಡೆ. 48 ಪೌಂಡ್ ಹೋಯಿತು. ಆರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ಪೈಪ್ ಹಾಳಾಯಿತು. ಇಬ್ಬರು ಗೆಳೆಯರ ಮುಂದೆ ತಲೆ ತಗ್ಗಿಸಬೇಕಾಯಿತು. ಮೂರು ವಾರ ಆಯಿತು, ಇನ್ನೂ ಸಿಟ್ಟು ಇಳಿದಿಲ್ಲ.

ನಾಚಿಕೆ ಯಾಕೆ ಜಾಸ್ತಿ ಅಂದರೆ, ನಾನು ಪಿರಿಯಾಪಟ್ಟಣದ ಕಡೆಯವನು. ನಮ್ಮದು ಹೊಗೆಸೊಪ್ಪಿನ ಮನೆ. ಎಲೆ ಬೇಯಿಸುವ ಬ್ಯಾರನ್‌ನ ಬಿಸಿಯಲ್ಲಿ ಎಲೆ ಹಳದಿಗೆ ತಿರುಗುವುದನ್ನು ನೋಡುತ್ತಾ ಬೆಳೆದವನು. ಅಪ್ಪ ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು, ಅದು ಬಿಚ್ಚಿಕೊಳ್ಳುವ ರೀತಿ ನೋಡಿಯೇ ನೀರು ಎಷ್ಟಿದೆ ಅಂತ ಹೇಳುತ್ತಿದ್ದರು. ತೂಕ ಬರಲಿ ಅಂತ ಯಾರಾದರೂ ನೀರು ಚಿಮುಕಿಸಿದ್ದರೆ ಕೈ ಹಾಕಿದ ಕೂಡಲೇ ಗೊತ್ತಾಗುತ್ತಿತ್ತು ಅವರಿಗೆ. ಅಂಥವರ ಮಗ ನಾನು ಹೊಗೆಸೊಪ್ಪಿನಲ್ಲೇ ಮೋಸ ಹೋದೆ.

ಈ ತಂಬಾಕು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೋಸ ಎಲ್ಲಾಯಿತು ಅಂತ ತಿಳಿಯುವುದಿಲ್ಲ. ಉತ್ತರ ಇಂಗ್ಲೆಂಡಿನ ಸರೋವರ ಸೀಮೆಯ ಅಂಚಿನಲ್ಲಿ ಕೆಂಡಲ್ ಅಂತ ಒಂದು ಊರಿದೆ. ಆಕ್ಸನ್‌ಹೋಮ್‌ನಲ್ಲಿ ರೈಲು ಬದಲಾಯಿಸಿ ವಿಂಡರ್‌ಮಿಯರ್ ಕಡೆ ಹೊರಟರೆ ಮೊದಲು ಸಿಗುವ ಸ್ಟೇಷನ್. 1792ರಲ್ಲಿ ಥಾಮಸ್ ಹ್ಯಾರಿಸನ್ ಅನ್ನುವವರು ಗ್ಲಾಸ್ಗೋದಿಂದ ನಶ್ಯ ಮಾಡುವ ಯಂತ್ರ ತಂದು ಅಲ್ಲಿ ಕೆಲಸ ಶುರು ಮಾಡಿದರು. ನಶ್ಯಕ್ಕೆ ಹೂವಿನ ಘಮ, ಹೊಗೆಸೊಪ್ಪಿಗೂ ಹೂವಿನ ಘಮ. ಆ ಪದ್ಧತಿ ಇವತ್ತಿಗೂ ಇದೆ. ಎನ್ನರ್‌ಡೇಲ್, ಗ್ರಾಸ್‌ಮಿಯರ್, ಕಾನಿಸ್ಟನ್ ಅಂತ ಅಲ್ಲಿನ ಸರೋವರಗಳ ಹೆಸರನ್ನೇ ಇಟ್ಟ ತಂಬಾಕುಗಳಿವೆ. ಕೆಲವಕ್ಕೆ ಟೋಂಕಾ ಬೀಜದ ಘಮ, ಕೆಲವಕ್ಕೆ ಜೆರೇನಿಯಂ, ಕೆಲವಕ್ಕೆ ಗುಲಾಬಿ, ಬಾದಾಮಿ. ಎಲೆಯನ್ನು ಒತ್ತಿ ಹಲಗೆ ಮಾಡಿ ತೆಳ್ಳಗೆ ಪಟ್ಟಿ ಕೊಯ್ಯುತ್ತಾರೆ, ಅದೇ ಫ್ಲೇಕ್. ಹಗ್ಗದ ಹಾಗೆ ಹೊಸೆದದ್ದೂ ಇದೆ, ಅದು ಭಾರಿ ಖಾರ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ತಲೆ ಗಿರ್ರೆಂದು ಮೈ ತಣ್ಣಗೆ ಬೆವರುತ್ತದೆ.

ನನಗೆ ಇದರ ರುಚಿ ಹಚ್ಚಿದ್ದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರು. ನಿವೃತ್ತರಾದ ಮೇಲೆ ಅವರು ಆ ಕಡೆಯೇ ಮನೆ ಮಾಡಿದರು. ಒಂದು ಸಂಜೆ, ಮಳೆ ನಿಂತು ಕಲ್ಲಿನ ಗೋಡೆಯೆಲ್ಲ ಒದ್ದೆ, ಅವರ ಹಿತ್ತಲಲ್ಲಿ ಕೂತು ಎನ್ನರ್‌ಡೇಲ್ ಫ್ಲೇಕ್ ಸೇದಿದೆವು. ಮೊದಲ ದಮ್ಮಿಗೇ ನನಗೆ ನಮ್ಮಮ್ಮನ ಟ್ರಂಕು ನೆನಪಾಯಿತು. ಅಮ್ಮ ರೇಷ್ಮೆ ಸೀರೆಗಳ ಮಧ್ಯೆ ಸೋಪಿನ ಖಾಲಿ ಡಬ್ಬಿ ಇಡುತ್ತಿದ್ದರು. ಟ್ರಂಕು ತೆಗೆದರೆ ಬರುತ್ತಿದ್ದ ವಾಸನೆ, ಅದರ ಅಡಿಯಲ್ಲಿ ಒಳ್ಳೆಯ ಹಣ್ಣೆಲೆಯ ಸಿಹಿ. ತುಂಬಾ ಜನ ಇಲ್ಲಿನವರೇ ಇದನ್ನು ಬಾಯಿಗಿಡಲ್ಲ, ಸೋಪು ಸೇದಿದ ಹಾಗಿದೆ ಅನ್ನುತ್ತಾರೆ. ನನಗೆ ಅದು ಮನೆಯ ವಾಸನೆ. ಅದಕ್ಕೇ ಅದಕ್ಕೊಂದು ಬೇರೆ ಪೈಪ್ ಇಟ್ಟಿದ್ದೆ. ಇಡಲೇಬೇಕು. ಆ ಘಮ ಪೈಪ್ ಮಾಡಿದ ಬ್ರಯರ್ ಮರಕ್ಕೆ ಹಿಡಿದುಕೊಂಡರೆ ಮುಂದೆ ಅದರಲ್ಲಿ ಬೇರೆ ಯಾವ ತಂಬಾಕು ಹಾಕಿದರೂ ಅದೇ ಹೊಡೆಯುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮಾರಿದವನು ಇದೇ ನಿಜಗಳನ್ನು ಒಂದೊಂದಾಗಿ ನನ್ನ ಮೇಲೆ ಎಸೆದ. ಮುಂದೆ ಓದಿ.

ಮಾಮೂಲಿಯಾಗಿ ನಾನು ಅಂಗಡಿಯಿಂದಲೇ ತರಿಸುವುದು. ದೊಡ್ಡ ಡಬ್ಬದಿಂದ ತೂಗಿ ಚೀಲಕ್ಕೆ ಹಾಕಿ ಕಳಿಸುತ್ತಾರೆ, ಅದು ಹೊಸತಲ್ಲ. ಆ ವಾರ ಅಂಗಡಿಯಲ್ಲಿ ಎನ್ನರ್‌ಡೇಲ್ ಇರಲಿಲ್ಲ. ಅಷ್ಟರಲ್ಲಿ ಒಬ್ಬನ ಜಾಹೀರಾತು ಕಣ್ಣಿಗೆ ಬಿತ್ತು. ಸಿಗಾರ್, ಪೈಪ್ ಸಾಮಾನು ಮಾರುತ್ತೇನೆ ಅಂತ ಹಾಕಿಕೊಂಡಿದ್ದ. ಎನ್ನರ್‌ಡೇಲ್, 250 ಗ್ರಾಂ, 53 ಪೌಂಡ್. ಬ್ಯಾಂಕಿಗೆ ನೇರ ಹಾಕಿದರೆ 48. "ನನ್ನ ಹತ್ತಿರ ಇರುವ ಕೊನೆಯ 250 ಗ್ರಾಂ ಇದು" ಅಂದ. ಫೋಟೋದಲ್ಲಿ ಉದ್ದುದ್ದ ಕಂದು ಪಟ್ಟಿಗಳು ಒಂದರ ಮೇಲೊಂದು ಮಲಗಿದ್ದವು, ನೋಡಿದರೆ ಬಾಯಲ್ಲಿ ನೀರು. ಲೀಡ್ಸ್‌ನಲ್ಲಿರುವ ಒಬ್ಬ ಗೆಳೆಯ, ರೆಡಿಂಗ್‌ನಲ್ಲಿರುವ ಇನ್ನೊಬ್ಬ, ಇಬ್ಬರೂ "ಲೋ, ನಮಗೂ ಪಾಲು ಹಾಕು, ನಿನಗೆ ಎಲೆ ಗೊತ್ತು" ಅಂದರು. ಇಬ್ಬರೂ ತಲಾ 16 ಪೌಂಡ್ ಕಳಿಸಿದರು. ನಿನಗೆ ಎಲೆ ಗೊತ್ತು ಅಂದರಲ್ಲ, ಅದೇ ಇವತ್ತೂ ಚುಚ್ಚುತ್ತಿದೆ.

ಲೆಕ್ಕ ಹಾಕಬೇಕಿತ್ತು. ಹಾಕಲಿಲ್ಲ. ಈ ದೇಶದಲ್ಲಿ ಪೈಪ್ ತಂಬಾಕಿಗೆ ಕಿಲೋಗೆ 150 ಪೌಂಡ್‌ಗಿಂತ ಜಾಸ್ತಿ ಸುಂಕ. ಬರೀ 150 ಅಂತಲೇ ಇಟ್ಟುಕೊಳ್ಳಿ, 250 ಗ್ರಾಂಗೆ 37 ಪೌಂಡ್ 50 ಪೆನ್ಸ್ ಆಯಿತು. 48ರಲ್ಲಿ 20% ವ್ಯಾಟ್‌ಗೆ 8 ಪೌಂಡ್ ಹೋಗುತ್ತದೆ. ಉಳಿದದ್ದು ಎಷ್ಟು? ಎರಡೂವರೆ ಪೌಂಡ್. ಆ ಎರಡೂವರೆ ಪೌಂಡಿನಲ್ಲಿ ಎಲೆ, ಚೀಲ, ಅಂಚೆ, ಅವನ ಲಾಭ ಎಲ್ಲ ಬರಬೇಕು! ಆಗುತ್ತಾ? ಒಂದು ನಿಮಿಷದ ಲೆಕ್ಕ ಇದು. ನಾನು ಮಾಡಲಿಲ್ಲ.

ಪಾರ್ಸೆಲ್ ಬಂತು. ಜಿಪ್ ಚೀಲ. ತೆಗೆದೆ. ಗುಲಾಬಿ ಘಮ ಗಮ್ಮೆಂದು ಅಡುಗೆಮನೆಯವರೆಗೆ ಹೋಯಿತು. ಒಲೆ ಮುಂದಿದ್ದ ನನ್ನ ಹೆಂಡತಿ ಅಲ್ಲಿಂದಲೇ ಹೇಳಿದಳು, "ಏನ್ರೀ ಇದು, ಕಲ್ಯಾಣ ಮಂಟಪದ ಬಾಗಿಲಲ್ಲಿ ಪನ್ನೀರು ಎರಚಿದ ಹಾಗಿದೆ." ಅವಳಿಗೆ ಆಗಲೇ ತಿಳಿದಿತ್ತು. ನಾನು, "ಇದು ಹೀಗೇ ಇರೋದು, ನಿನಗೆ ಗೊತ್ತಾಗಲ್ಲ ಬಿಡು" ಅಂದೆ. ಸೋಪಿನ ವಾಸನೆ ಬಂತು, ಹೂವಿನ ವಾಸನೆ ಬಂತು, ಸರಿ, ಅಸಲಿ ಅಂದುಕೊಂಡೆ. ನೋಡಿ, ಈ ತಂಬಾಕಿನಲ್ಲಿ ಇರುವ ಅಪಾಯವೇ ಇದು. ಬೇರೆ ಯಾವ ತಂಬಾಕಿಗೆ ಸೋಪಿನ ವಾಸನೆ ಬಂದಿದ್ದರೂ ನಾನು ಆಗಲೇ ವಾಪಸ್ ಕಟ್ಟುತ್ತಿದ್ದೆ.

ಪಟ್ಟಿಗಳು ಒದ್ದೆ ಇದ್ದವು. ಅದೂ ಮಾಮೂಲು, ಕೆಂಡಲ್ ಎಲೆಯನ್ನು ಸ್ವಲ್ಪ ಒಣಗಿಸಿಯೇ ಸೇದುವುದು. ನಾಲ್ಕು ಪಟ್ಟಿ ತೆಗೆದು ಬಿಳಿ ಟಿಶ್ಯೂ ಕಾಗದದ ಮೇಲೆ ಹರಡಿ, ರೇಡಿಯೇಟರ್ ಪಕ್ಕ ಇಟ್ಟು ಮಲಗಿದೆ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಒಂದೊಂದು ಪಟ್ಟಿಯ ಕೆಳಗೂ ಎಣ್ಣೆಯ ಕಲೆ. ಬೋಂಡಾ ಕಟ್ಟಿದ ಪೇಪರ್‌ನಲ್ಲಿ ಆಗುತ್ತದಲ್ಲ, ಹಾಗೆ. ಕಾಗದ ಎತ್ತಿ ಕಿಟಕಿಗೆ ಹಿಡಿದರೆ ಬೆಳಕು ತೂರಿ ಬರುತ್ತಿದೆ. ನೀರಾಗಿದ್ದರೆ ರಾತ್ರಿಗೇ ಆರಬೇಕಿತ್ತು. ಕಾಗದ ಮೂಸಿದೆ. ಗುಲಾಬಿಯೆಲ್ಲ ಕಾಗದದಲ್ಲಿತ್ತು. ಎಲೆ ಮೂಸಿದೆ. ಅರ್ಧಕ್ಕರ್ಧ ಘಮ ಹೋಗಿತ್ತು. ಒಂದು ಪಟ್ಟಿಯನ್ನು ಉಗುರಿನಿಂದ ಮಧ್ಯಕ್ಕೆ ಸೀಳಿದೆ. ಒಳಗೆ ಬರೀ ಹುಲ್ಲು. ಹೂವಿಲ್ಲ, ಬಾದಾಮಿ ಇಲ್ಲ, ಏನೂ ಇಲ್ಲ. ಅಸಲಿ ಎನ್ನರ್‌ಡೇಲ್ ಪಟ್ಟಿಯನ್ನು ನಾನು ಎಷ್ಟೋ ಸಲ ಸೀಳಿದ್ದೇನೆ, ಘಮ ಹೊರಗೆಷ್ಟೋ ಒಳಗೂ ಅಷ್ಟೇ ಇರುತ್ತದೆ. ಇವನು ಯಾವುದೋ ಅಗ್ಗದ ಫ್ಲೇಕ್ ತಂದು ಮೇಲಿಂದ ಸುಗಂಧದ ಎಣ್ಣೆ ಸವರಿದ್ದ. ಸವರಿದ್ದ ಅಷ್ಟೇ! ಆ ಸೀಳಿದ ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಅಪ್ಪನ ಮುಖ ಕಣ್ಣ ಮುಂದೆ ಬಂತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಹೊತ್ತಿಸಿ ನೋಡೋಣ, ನನ್ನ ತಪ್ಪೇ ಇರಬಹುದು ಅಂತ ಅದೇ ಪೈಪಿಗೆ ತುಂಬಿ ಬೆಂಕಿ ಇಟ್ಟೆ. ನಾಲ್ಕೈದು ದಮ್ಮು ಎಳೆದಿರಬಹುದು. ಆರಿಸಿದ ಊದುಬತ್ತಿಯ ಕಮಟು ಬಾಯಿ ತುಂಬಿತು. ನಾಲಿಗೆ ಉರಿ, ಗಂಟಲು ಕೆರೆತ, ಕೆಮ್ಮು ನಿಲ್ಲುತ್ತಿಲ್ಲ. ಆ ದಿನವೆಲ್ಲ ಊಟದ ರುಚಿ ಗೊತ್ತಾಗಲಿಲ್ಲ. ಹೊಗೆಸೊಪ್ಪು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಪೈಪ್ ಹೊಗೆ ಒಳಗೆ ಎಳೆದುಕೊಳ್ಳದಿದ್ದರೂ ಬಾಯಿಗೆ, ಗಂಟಲಿಗೆ ಕ್ಯಾನ್ಸರ್ ತರುತ್ತದೆ, ಅದು ಗೊತ್ತಿದ್ದೇ ಸೇದುತ್ತೇನೆ. ಆದರೆ ಇದು ಯಾವ ಎಣ್ಣೆಯೋ ಏನೋ, ಮೈಗೆ ಹಚ್ಚುವುದೋ, ದೀಪಕ್ಕೆ ಹಾಕುವುದೋ. ಅದನ್ನು ಸುಟ್ಟು ಬಾಯಿಗೆ ಕೊಟ್ಟನಲ್ಲ.

ಅವನಿಗೆ ಬರೆದೆ. ಮರ್ಯಾದೆಯಿಂದಲೇ ಬರೆದೆ. ವಾಸನೆ ಬರೀ ಮೇಲೆ ಇದೆ, ಸೋಪಿನ ಹಾಗೆ ಹೊಡೆಯುತ್ತಿದೆ ಅಂತ. ಉತ್ತರ: "ಗೆಳೆಯಾ, ಇದು ಸೋಪಿನ ಹಾಗೇ ಇರುವುದು. ಎಲ್ಲರಿಗೂ ಒಗ್ಗುವುದಿಲ್ಲ."

ಕಾಗದದ ಕಲೆಯ ಫೋಟೋ ಕಳಿಸಿದೆ. "ಕೆಂಡಲ್ ತಂಬಾಕು ಯಾವಾಗಲೂ ಒದ್ದೆ. ಇನ್ನೂ ಒಣಗಿಸು."

ಗಂಟಲು ಉರಿಯುತ್ತಿದೆ ಅಂದೆ. "ಅದು ಖಾರದ ತಂಬಾಕು. ನೀನು ಹೊಸಬ. ಊಟ ಮಾಡಿ ಸೇದು."

ಹೊಸಬ! ಆರು ವರ್ಷದಿಂದ ಅದನ್ನೇ ಸೇದುತ್ತಿದ್ದೇನೆ ಅಂತ ಮೊದಲೇ ಹೇಳಿದ್ದೆ. ಪೈಪ್ ಹಾಳಾಯಿತು ಅಂದರೆ, "ಈ ತಂಬಾಕು ಪೈಪಿಗೆ ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು" ಅಂತ ಬರೆದ. ಗೊತ್ತಾಯಿತಲ್ಲ? ತಂಬಾಕಿನ ಬಗ್ಗೆ ಅವನು ಹೇಳಿದ್ದೆಲ್ಲ ನಿಜ, ಆದರೆ ಅಸಲಿ ಕೆಂಡಲ್ ತಂಬಾಕುಗಳ ಬಗ್ಗೆ. ನಕಲಿಗೆ ಅಸಲಿಯ ಗುಣಗಳನ್ನೇ ಹೊದಿಸುತ್ತಾ ಹೋದ. ಹೊಸಬರಾಗಿದ್ದರೆ ನಂಬಿ, ತಪ್ಪು ನನ್ನದೇ ಅಂದುಕೊಂಡು ಸುಮ್ಮನಾಗುತ್ತಿದ್ದರು. ಎಷ್ಟು ಜನ ಹಾಗೆ ಸುಮ್ಮನಾಗಿದ್ದಾರೋ.

ಆಮೇಲೆ ಒಂದೇ ಒಂದು ಕೇಳಿದೆ. ನೀನು ತೂಗಿದ ಮೂಲ ಡಬ್ಬದ ಫೋಟೋ ಕಳಿಸು, ಅಥವಾ ನೀನು ಕೊಂಡ ಬಿಲ್ಲು ತೋರಿಸು, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ ಅಂತ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂದದ್ದು ಇದು: "ನಿಮ್ಮ ಕಡೆಯವರಿಗೆ ಹುಕ್ಕಾದ ಸಿಹಿ ತಂಬಾಕು ರೂಢಿ. ಇದು ನಿನಗೆ ಹೇಳಿ ಮಾಡಿಸಿದ್ದಲ್ಲ."

ನಮ್ಮ ಕಡೆಯವರಿಗೆ. ನಮ್ಮ ಕಡೆಯವರು ವರ್ಜೀನಿಯಾ ಎಲೆ ಬೆಳೆದು, ಬೇಯಿಸಿ, ದರ್ಜೆ ಮಾಡಿ ಹರಾಜಿಗೆ ಇಡುತ್ತಾರೆ. ಇವನಿಂದ ನಾನು ಎಲೆ ಕಲಿಯಬೇಕಾ? ಅದನ್ನು ಓದಿದಾಗ ನನ್ನ ಕೈ ನಡುಗುತ್ತಿತ್ತು.

ದುಡ್ಡು ವಾಪಸ್ ಕೇಳಿದೆ. ಇಲ್ಲಿ ವ್ಯಾಪಾರಿಯಿಂದ ದೂರದಿಂದ ತರಿಸಿದ ಸರಕನ್ನು 14 ದಿನದೊಳಗೆ ಬೇಡ ಅನ್ನುವ ಹಕ್ಕಿದೆ, 2013ರ ನಿಯಮ. ಅದನ್ನು ಹೇಳಿದ ಕೂಡಲೇ, "ನಾನು ವ್ಯಾಪಾರಿ ಅಲ್ಲ, ನನ್ನ ಸ್ವಂತದ್ದನ್ನು ಮಾರಿದೆ" ಅಂದ. ಜಾಹೀರಾತಿನಲ್ಲಿ ವ್ಯಾಪಾರಿ, ದುಡ್ಡು ಕೇಳಿದಾಗ ಅಲ್ಲ. "ಚೀಲ ತೆಗೆದಿದ್ದೀಯ, ವಾಪಸ್ ಇಲ್ಲ" ಅಂತ ಇನ್ನೊಂದು ಸಾಲು ಹಾಕಿ ನನ್ನನ್ನು ಬ್ಲಾಕ್ ಮಾಡಿದ. ಬ್ಯಾಂಕಿನವರು, ನೀವೇ ಕಳಿಸಿದ ದುಡ್ಡು, ಸರಕೂ ಬಂದಿದೆ, ಇದು ನಿಮ್ಮಿಬ್ಬರ ತಕರಾರು ಅಂದರು. 5 ಪೌಂಡ್ ಉಳಿಸಲು ಹೋಗಿ ಕಾರ್ಡ್ ಬಿಟ್ಟು ನೇರ ಹಾಕಿದ್ದೆನಲ್ಲ, ಅದರ ಫಲ. ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ವ್ಯಾಪಾರದ ಮೋಸ ತನಿಖೆ ಮಾಡುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ದೂರು ಹೋಗುವ ದಾರಿ ಅದೇ.

ಪೈಪಿನ ಕಥೆ ಕೇಳಿ. ತಂಬಾಕು ತುಂಬುವ ಅದರ ಬಟ್ಟಲಿಗೆ ಉಪ್ಪು ತುಂಬಿ, ಮೇಲೆ ಸ್ಪಿರಿಟ್ ಹನಿಸಿ ರಾತ್ರಿಯಿಡೀ ಇಟ್ಟೆ. ಉಪ್ಪು ಕಾಫಿ ಬಣ್ಣಕ್ಕೆ ತಿರುಗಿತು. ಚೆಲ್ಲಿ ಮತ್ತೆ ತುಂಬಿದೆ. ಮೂರು ಸಲ ಮಾಡಿದೆ. ಮಿಕ್ಕಿದ್ದ ಒಂದು ಚಿಟಿಕೆ ಅಸಲಿ ಎನ್ನರ್‌ಡೇಲ್ ಹಾಕಿ ಸೇದಿ ನೋಡಿದರೆ ಮೊದಲು ಬರುವುದು ಅದೇ ಪನ್ನೀರು, ಅದೇ ಕಮಟು. ಅದು ಆ ಹಿರಿಯರು ಕೊಟ್ಟ ಪೈಪ್. ಅವರಿಗೆ ಇನ್ನೂ ಹೇಳಿಲ್ಲ.

ನಿಮಗೆ ಹೇಳುವುದು ಇಷ್ಟೇ. ಅಂಗಡಿಯಲ್ಲಿ ಇಲ್ಲದಿದ್ದರೆ ಕಾಯಿರಿ. ಬೆಲೆಯಿಂದ ಸುಂಕ, ವ್ಯಾಟ್ ಕಳೆದು ನೋಡಿ. ಮೂಲ ಡಬ್ಬದ ಫೋಟೋ ಮೊದಲೇ ಕೇಳಿ, ದುಡ್ಡು ಕೊಟ್ಟ ಮೇಲೆ ಅಲ್ಲ. ನೇರ ಬ್ಯಾಂಕಿಗೆ ಹಾಕು ಅಂದರೆ ಅಲ್ಲೇ ಬಿಡಿ. ಬಂದ ಮೇಲೆ ಒಂದು ಪಟ್ಟಿ ಸೀಳಿ ಒಳಗೆ ಮೂಸಿ, ಬಿಳಿ ಕಾಗದದ ಮೇಲೆ ಒಂದು ರಾತ್ರಿ ಇಡಿ. ಅಲ್ಲಿಯವರೆಗೆ ಒಳ್ಳೆಯ ಪೈಪಿಗೆ ಹಾಕಬೇಡಿ. ಮನೆಯಲ್ಲಿ ಯಾರಾದರೂ ವಾಸನೆ ಸರಿಯಿಲ್ಲ ಅಂದರೆ ಅವರ ಮಾತು ಕೇಳಿ.

ಗೆಳೆಯರಿಬ್ಬರಿಗೂ 16-16 ಪೌಂಡ್ ವಾಪಸ್ ಹಾಕಿದೆ. ಲೀಡ್ಸ್‌ನವನು "ಬೇಡ ಮಾರಾಯ, ನೀನೇನು ಬೇಕಂತ ಮಾಡಿದ್ದಾ" ಅಂದ, ಆದರೂ ಹಾಕಿದೆ. ನಿನ್ನೆ ರಾತ್ರಿ ಅವನೇ ಒಂದು ಜಾಹೀರಾತಿನ ಚಿತ್ರ ಕಳಿಸಿದ. ಅದೇ ಫೋಟೋ, ಉದ್ದುದ್ದ ಕಂದು ಪಟ್ಟಿಗಳು. ಮಾರುವವನ ಹೆಸರು ಮಾತ್ರ ಬೇರೆ. ಕೆಳಗೆ ಬರೆದಿತ್ತು, ನನ್ನ ಹತ್ತಿರ ಇರುವ ಕೊನೆಯ 250 ಗ್ರಾಂ. ಅದನ್ನು ನೋಡಿದ ಮೇಲೆ ನಿದ್ದೆ ಬರಲಿಲ್ಲ, ಎದ್ದು ಕೂತು ಇದನ್ನು ಬರೆದೆ.