ಬಿಗ್ಗೋ, ಲಾರ್ಜೋ, ಗ್ರೇಟೋ?

ಕನ್ನಡದಲ್ಲಿ 'ದೊಡ್ಡ' ಎಂದರೆ ಮುಗಿಯಿತು: ದೊಡ್ಡ ಮನೆ, ದೊಡ್ಡ ತಪ್ಪು, ದೊಡ್ಡ ಮನುಷ್ಯ, ದೊಡ್ಡಪ್ಪ. ಇಂಗ್ಲಿಷ್‌ನಲ್ಲಿ ಬರೆಯಲು ಕೂತರೆ ಮೂರು ಪದಗಳು ಎದುರು ನಿಲ್ಲುತ್ತವೆ.

ಅಳತೆಯ ಮಾತಾದರೆ ಬಿಗ್, ಲಾರ್ಜ್ ಎರಡೂ ನಡೆಯುತ್ತವೆ. ಬಿಗ್ ಆಡುಮಾತಿನದು, ಲಾರ್ಜ್ ಕೊಂಚ ಇಸ್ತ್ರಿ ಹಾಕಿದ ಪದ, ವರದಿಗೆ, ಅಂಗಿಯ ಸೈಜಿಗೆ ಹೊಂದುತ್ತದೆ. ಎಡವುವುದು ಅಳತೆ ಬಿಟ್ಟಾಗ. 'ಮೈ ಬಿಗ್ ಬ್ರದರ್' ಎಂದರೆ ನಮ್ಮಣ್ಣ. 'ಮೈ ಲಾರ್ಜ್ ಬ್ರದರ್' ಎಂದಿರೋ, ಅಣ್ಣನ ಹೊಟ್ಟೆಯ ಸುತ್ತಳತೆ ಹೇಳಿದಂತಾಯಿತು! ತಪ್ಪು, ನಿರ್ಧಾರ ಇವೂ ಬಿಗ್ಗೇ. ಇನ್ನು 'ಅಟ್ ಲಾರ್ಜ್' ಎಂದರೆ ಪೊಲೀಸರ ಕೈಗೆ ಸಿಗದೆ ತಲೆಮರೆಸಿಕೊಂಡಿರುವುದು. ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಗ್ರೇಟ್ ಈಗ ಗಾತ್ರಕ್ಕಿಂತ ಹಿರಿಮೆಗೆ. 'ಎ ಬಿಗ್ ಮ್ಯಾನ್' ದೊಡ್ಡ ಮೈಕಟ್ಟಿನ ಆಳು, 'ಎ ಗ್ರೇಟ್ ಮ್ಯಾನ್' ಮಹಾಪುರುಷ. ಮುತ್ತಜ್ಜನೂ ಇದರ ಪಾಲೇ: ಗ್ರೇಟ್-ಗ್ರ್ಯಾಂಡ್‌ಫಾದರ್. ಆದರೆ ಬಸ್ ತಪ್ಪಿಸಿಕೊಂಡವರು 'ಓಹ್, ಗ್ರೇಟ್!' ಎಂದರೆ ಅದು ಹೊಗಳಿಕೆಯಲ್ಲ, ಗೊಣಗಾಟ.

ಅನುಮಾನ ಬಂದರೆ ನಾನಂತೂ ಬಿಗ್ ಎಂದೇ ಬರೆಯುತ್ತೇನೆ. 'ಬಿಗ್ ನಂಬರ್ ಆಫ್ ಪೀಪಲ್' ಮಾತ್ರ ಬೇಡ. ಅಲ್ಲಿ ಲಾರ್ಜೇ ಸರಿ.