ಎಕ್ಸ್‌ಎಫ್‌ಸಿಇ ಪ್ಯಾಕೇಜಿಂಗ್: ಡೆಬಿಯನ್ ದಾರಿನಾ, ಆರ್ಚ್ ದಾರಿನಾ?

ನಾಲ್ಕೈದು ಜನ ಸಂಜೆ ಹೊತ್ತು ಕೂತು ಎಕ್ಸ್‌ಎಫ್‌ಸಿಇನ (ಲಿನಕ್ಸ್‌ನ ಒಂದು ಡೆಸ್ಕ್‌ಟಾಪ್) ಯೂಸರ್ ಇನ್‌ಸ್ಟಾಲ್ ಮಾಡ್ಕೊಳ್ಳೋ ಹಾಗೆ ಪ್ಯಾಕೇಜ್ ಮಾಡ್ತೀವಿ ಅಂದ್ರೆ ಮೊದಲು ನೋಡ್ಬೇಕಾಗಿರೋದು ಎಷ್ಟು ಚೂರು ಮಾಡ್ತೀರ ಅನ್ನೋದನ್ನ. ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ ಒಂದೇ ಸೋರ್ಸ್ ಕೋಡಿಂದ ಲೈಬ್ರರಿ ಬೇರೆ, ಹೆಡರ್ (ಬೇರೆ ಪ್ರೋಗ್ರಾಂ ಕಂಪೈಲ್ ಮಾಡೋಕೆ ಬೇಕಾದ ಫೈಲ್) ಇರೋ ಡೆವ್ ಪ್ಯಾಕೇಜ್ ಬೇರೆ, ಡೇಟಾ ಬೇರೆ ಅಂತ ಮಾಡ್ತಾರೆ, ಯೂಸರ್‌ಗೆ ಡಿಸ್ಕ್ ಉಳಿಯುತ್ತೆ ನಿಜ ಆದ್ರೆ ಅಪ್‌ಸ್ಟ್ರೀಮ್‌ನವರು (ಎಕ್ಸ್‌ಎಫ್‌ಸಿಇ ಬರೆಯೋರು) ಒಂದು ಫೈಲ್ ಆಚೀಚೆ ಮಾಡಿದ್ರೂ ಅದು ಯಾವ ಚೂರಿಗೆ ಹೋಗ್ಬೇಕು ಅಂತ ನೀವೇ ತಲೆ ಕೆಡಿಸ್ಕೋಬೇಕು. ಆರ್ಚ್ ಅನ್ನೋ ಇನ್ನೊಂದು ಲಿನಕ್ಸ್‌ನಲ್ಲಿ ಹೆಡರ್ ಸಮೇತ ಹೆಚ್ಚುಕಮ್ಮಿ ಎಲ್ಲಾ ಒಂದೇ ಗಂಟು, ಅದನ್ನ ಕಟ್ಟೋದು ಹೇಗೆ ಅಂತ ಬರೆದಿರೋ ಒಂದು ಪಿಕೆಜಿಬಿಲ್ಡ್ ಫೈಲ್, ಮುಗೀತು.

ಇನ್ನೊಂದು, ಮೆಟಾಪ್ಯಾಕೇಜಾ ಗ್ರೂಪಾ? ಡೆಬಿಯನ್‌ನ ಎಕ್ಸ್‌ಎಫ್‌ಸಿಇ4 ಮೆಟಾಪ್ಯಾಕೇಜು, ಅಂದ್ರೆ ತಾನು ಖಾಲಿ ಇದ್ದು ಬೇರೆ ಪ್ಯಾಕೇಜ್‌ಗಳನ್ನ ಎಳ್ಕೊಂಡು ಬರೋದು. ಥುನಾರ್ (ಅದರ ಫೈಲ್ ಮ್ಯಾನೇಜರ್) ಬೇಡ ಅಂತ ತೆಗೆದ್ರೆ ಮೆಟಾಪ್ಯಾಕೇಜೂ ಜೊತೆಗೇ ಹೋಗುತ್ತೆ, ಆಮೇಲೆ ಯೋಚ್ನೆ ಮಾಡ್ದೆ ಆಟೋರಿಮೂವ್ (ಯಾವುದಕ್ಕೂ ಬೇಡವಾದ ಪ್ಯಾಕೇಜ್ ತೆಗೆಯೋ ಕಮಾಂಡ್) ಹೊಡೆದ್ರೆ ಪ್ಯಾನೆಲ್ಲೂ ಕೈಬಿಟ್ಟು ಹೋಗ್ಬಹುದು (ನಾನು ಒಂದ್ಸಲ ಬರೀ ಕಪ್ಪು ಸ್ಕ್ರೀನ್ ನೋಡ್ಕೊಂಡು ಕೂತಿದ್ದೆ). ಆರ್ಚ್‌ನಲ್ಲಿ ಅದು ಗ್ರೂಪು, ಅಂದ್ರೆ ಹಲವು ಪ್ಯಾಕೇಜ್‌ಗೆ ಒಂದೇ ಹೆಸರು, ಇನ್‌ಸ್ಟಾಲ್ ಮಾಡೋ ಪ್ಯಾಕ್‌ಮ್ಯಾನ್ ನಂಬರ್ ಹಾಕಿ ಪಟ್ಟಿ ಕೊಡುತ್ತೆ, ಬೇಕಾದ್ದು ಆರಿಸ್ಕೋಬಹುದು, ಆದ್ರೆ ನಾಳೆ ಗ್ರೂಪ್‌ಗೆ ಹೊಸದೇನಾದ್ರೂ ಸೇರಿಸಿದ್ರೆ ಹಳೇ ಯೂಸರ್‌ಗೆ ತಾನಾಗೇ ಬರಲ್ಲ.

ಕೈ ಕಮ್ಮಿ ಇದ್ರೆ ಚೂರು ಮಾಡೋ ಉಸಾಬರಿನೇ ಬೇಡ, ಆರ್ಚ್ ಥರ ದೊಡ್ಡ ಗಂಟು ಕಟ್ಟಿ. ಮೇಲೊಂದು ಮೆಟಾಪ್ಯಾಕೇಜ್ ಇಡಿ, ಆದ್ರೆ ಥುನಾರ್ ಥರದ್ದನ್ನ ಡಿಪೆಂಡ್ಸ್‌ಗೆ (ಇರಲೇಬೇಕಾದ್ದು) ಹಾಕ್ದೆ ರೆಕಮೆಂಡ್ಸ್‌ಗೆ (ಇದ್ರೆ ಒಳ್ಳೇದು, ತೆಗೆದ್ರೂ ನಡೆಯುತ್ತೆ) ಹಾಕಿ.