ಸಿಂಗಲ್ ಕಾಯಿಲ್, ಹಂಬಕರ್, ಪಿ-90: ಬೆಳಗಾವಿಯ ಸ್ಟೇಜ್‌ಗೆ ಯಾವುದು?

ಗಿಟಾರ್‌ಗೆ ಯಾವ ಪಿಕಪ್ ಹಾಕಿಸಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು, ನೀವು ನುಡಿಸೋದು ಎಲ್ಲಿ ಅಂತ. ಪಿಕಪ್ ಅಂದರೆ ತಂತಿಯ ಕಂಪನವನ್ನು ಕರೆಂಟಿನ ಸಂಕೇತವಾಗಿ ಮಾಡಿ ಆಂಪ್‌ಗೆ (ಸದ್ದು ಜೋರು ಮಾಡುವ ಪೆಟ್ಟಿಗೆಗೆ) ಕಳಿಸುವ ಭಾಗ. ನಾನು ಬೆಳಗಾವಿಯಲ್ಲಿ ಆರ್ಕೆಸ್ಟ್ರಾಗಳಿಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಇಲ್ಲಿ ಒಂದೇ ಸಂಜೆ ಕನ್ನಡ, ಮರಾಠಿ, ಹಿಂದಿ ಮೂರೂ ಹಾಡು ಬರುತ್ತವೆ. ಭಾವಗೀತೆ ಮುಗಿದ ಕೂಡಲೇ ಕುಣಿಯುವ ಹಾಡು. ಮನೆಯಲ್ಲಿ ಇಂಪಾಗಿ ಕೇಳಿಸಿದ ಪಿಕಪ್ ಗಣಪತಿ ಪೆಂಡಾಲ್‌ನಲ್ಲಿ ಕೈಕೊಡಬಹುದು. ಅದಕ್ಕೇ ಮೂರು ಬಗೆಯ ಪಿಕಪ್‌ಗಳನ್ನು ಒಂದೇ ಗಿಟಾರ್‌ನಲ್ಲಿ ಹಾಕಿ ನೋಡಿದೆ.

ಒಂದೇ ಗಿಟಾರ್ ಅನ್ನೋದು ಮುಖ್ಯ. ನನ್ನದು ಸ್ಟ್ರ್ಯಾಟ್ (ಫೆಂಡರ್ ಕಂಪನಿಯ ಸ್ಟ್ರ್ಯಾಟೋಕ್ಯಾಸ್ಟರ್) ಮಾದರಿಯದು. ಪಿಕ್‌ಗಾರ್ಡ್, ಅಂದರೆ ಪಿಕಪ್ ಕೂರಿಸುವ ಪ್ಲಾಸ್ಟಿಕ್ ಹಲಗೆ, ಅದರ ಕೆಳಗೆ ಕಟ್ಟಿಗೆಯಲ್ಲಿ ಒಂದೇ ದೊಡ್ಡ ಗುಳಿ ಇದೆ. ಮೂರು ಪಿಕ್‌ಗಾರ್ಡ್‌ಗಳಲ್ಲಿ ಪಿಕಪ್ ಕೂರಿಸಿ ಇಟ್ಟುಕೊಂಡರೆ, ಬದಲಿಸುವಾಗ ಜ್ಯಾಕ್‌ನ ವೈರು, ಅರ್ಥ್ ವೈರು ಬೆಸುಗೆ ಹಾಕಿದರೆ ಸಾಕು. ತಂತಿ ಎಲ್ಲಕ್ಕೂ 10-46ರ (ತಂತಿಯ ದಪ್ಪದ ಅಳತೆ) ಸೆಟ್. ಅದೇ ಕೇಬಲ್, ಅದೇ ಆಂಪ್. ಜೋರಾಗಿ ಬಂದದ್ದೇ ಕಿವಿಗೆ ಚೆನ್ನಾಗಿದೆ ಅನಿಸುತ್ತದೆ, ಅಲ್ವಾ? ಹಾಗಾಗಿ ಪ್ರತಿ ಸಲ ವಾಲ್ಯೂಮ್ ಸಮ ಮಾಡಿಕೊಂಡೆ. ಪಾಟ್ (ವಾಲ್ಯೂಮ್ ತಿರುಗಣಿಯ ಒಳಗಿನ ರೆಸಿಸ್ಟರ್) ಮಾತ್ರ ಆಯಾ ಪಿಕಪ್‌ಗೆ ರೂಢಿಯಲ್ಲಿರುವುದೇ: ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಉಳಿದೆರಡಕ್ಕೆ 500.

ಸಿಂಗಲ್ ಕಾಯಿಲ್ ಅಂದರೆ 1954ರಲ್ಲಿ ಬಂದ ಸ್ಟ್ರ್ಯಾಟೋಕ್ಯಾಸ್ಟರ್‌ನ ದನಿ. ಆರು ತಂತಿಗಳ ಕೆಳಗೆ ಆರು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ಎಳೆ ಸುಮಾರು 8,000 ಸುತ್ತು. ಈ ಸುರುಳಿಯೇ ಕಾಯಿಲ್, ಅದು ಕಿರಿದು. ತಂತಿಯ ಸಣ್ಣ ಜಾಗದ ಕಂಪನವನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹೊಡೆದರೆ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ನೆಕ್ ಪಿಕಪ್ (ಗಿಟಾರ್‌ನ ಕತ್ತಿನ ಕಡೆಯದು) ಮತ್ತು ನಡುವಿನದು ಎರಡನ್ನೂ ಸೇರಿಸಿ ಭಾವಗೀತೆಗೆ ಬಿಡಿ ತಂತಿ ನುಡಿಸಿದರೆ, ಅದಕ್ಕೆ ಸಾಟಿ ನನಗೆ ಇನ್ನೂ ಸಿಕ್ಕಿಲ್ಲ.

ತೊಂದರೆ ಶುರುವಾಗೋದು ಪೆಂಡಾಲ್‌ನಲ್ಲಿ. ಸೀರಿಯಲ್ ಲೈಟು, ಡಿಮ್ಮರ್, ಹಿಂದೆ ಜನರೇಟರ್. ಕಾಯಿಲ್ ಸುಮ್ನೆ ಒಂದು ಆಂಟೆನಾ ಆಗಿಬಿಡುತ್ತದೆ. ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ಸ್ಪೀಕರ್‌ಗೆ ಬರುತ್ತದೆ. ಹಾಡು ನಿಂತ ಕೂಡಲೇ ಮಿಕ್ಸರ್ ಹತ್ತಿರದಿಂದ ಕೂಗು: "ಅಣ್ಣಾರ, ಗಿಟಾರ್ ಗುಂಯ್ ಅನ್ನಾಕತ್ತೈತ್ರಿ!" ನನ್ನ ಸೆಟ್‌ನಲ್ಲಿ ನಡುವಿನ ಪಿಕಪ್ ಉಲ್ಟಾ ಸುತ್ತಿದ್ದು, ಅದರ ಅಯಸ್ಕಾಂತವೂ ಉಲ್ಟಾ. ಅದನ್ನು ನೆಕ್ ಅಥವಾ ಬ್ರಿಜ್ (ತಂತಿ ಕಟ್ಟುವ ತುದಿಯ ಕಡೆಯ) ಪಿಕಪ್ ಜೊತೆ ಸೇರಿಸಿದಾಗ ಮಾತ್ರ ಸದ್ದು ಅಡಗುತ್ತದೆ.

ಇದೇ ಉಪಾಯವನ್ನು ಒಂದೇ ಪಿಕಪ್‌ನೊಳಗೆ ತಂದವರು ಗಿಬ್ಸನ್ ಕಂಪನಿಯ ಸೇತ್ ಲವರ್. ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1955ರಲ್ಲಿ. ಹಂಬಕರ್‌ನಲ್ಲಿ ಎರಡು ಕಾಯಿಲ್ ಇರುತ್ತವೆ. ಹೊರಗಿನ ಗುಂಯ್ ಎರಡರಲ್ಲೂ ಎದುರುಬದುರಾಗಿ ಬಂದು ಅಳಿಸಿಹೋಗುತ್ತದೆ, ತಂತಿಯ ಸದ್ದು ಕೂಡಿಕೊಳ್ಳುತ್ತದೆ. ಡಿಸ್ಟಾರ್ಷನ್ (ದನಿ ಒರಟು ಮಾಡುವ ಎಫೆಕ್ಟ್) ಹಾಕಿ ಬ್ರಿಜ್‌ನಲ್ಲಿ ಲೀಡ್ ನುಡಿಸಿದರೆ ಸ್ವರ ದಪ್ಪಗೆ, ಉದ್ದಕ್ಕೆ ನಿಲ್ಲುತ್ತದೆ. ಆದರೆ ನೆಕ್‌ನಲ್ಲಿ ಡಿಸ್ಟಾರ್ಷನ್ ಇಲ್ಲದ ಕಾರ್ಡ್ ಹೊಡೆದರೆ ನನಗೆ ಹಿಡಿಸಲಿಲ್ಲ. ಕೀಬೋರ್ಡ್, ಬೇಸ್ ಎರಡೂ ಇರುವ ತಂಡದಲ್ಲಿ ಅದು ಅವುಗಳೊಳಗೇ ಕಲಸಿಹೋಗುತ್ತದೆ. ಒಂದು ಕಾಯಿಲ್ ಬಂದ್ ಮಾಡಿದರೆ ಸಿಂಗಲ್ ಕಾಯಿಲ್ ಆಗುತ್ತದೆ ಅನ್ನುತ್ತಾರೆ. ನನ್ನದರಲ್ಲಿ ದನಿ ತೆಳ್ಳಗಾಯಿತು, ಗುಂಯ್ ವಾಪಸ್ ಬಂತು, ಸ್ಟ್ರ್ಯಾಟ್‌ನ ಆ ಮಿಂಚು ಬರಲಿಲ್ಲ.

ಪಿ-90 ಇವೆರಡಕ್ಕಿಂತ ಹಳೆಯದು, 1946ರದು. ಅದೂ ಒಂದೇ ಕಾಯಿಲ್. ಆದರೆ ಅಗಲ, ಚಪ್ಪಟೆ, ಸುಮಾರು 10,000 ಸುತ್ತು. ಅಯಸ್ಕಾಂತದ ಪಟ್ಟಿಗಳು ಕಾಯಿಲ್‌ನ ಕೆಳಗೆ ಮಲಗಿರುತ್ತವೆ. ನನ್ನ ಮನಸ್ಸು ಗೆದ್ದದ್ದು ಇದೇ. ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಗಂಟಲು ಬಿಗಿದಂತೆ ಸ್ವಲ್ಪ ಒರಟು. ನೆಕ್‌ನಲ್ಲಿ ಇಟ್ಟು ತಂತಿ ಎಳೆದು ಮೀಂಡ್ ತೆಗೆದಾಗ ಸ್ವರದ ನಡುವಿನ ದಾರಿಯೆಲ್ಲ ಕೇಳಿಸುತ್ತದೆ. ಹಾಡಿನ ಸಾಲನ್ನು ಗಿಟಾರ್ ಮೇಲೆ ನುಡಿಸುವವರಿಗೆ ಇದಕ್ಕಿಂತ ಬೇರೆ ಏನು ಬೇಕು? ತಿಲಕವಾಡಿಯ ತಬಲಾ ಗೆಳೆಯನೊಬ್ಬ ಬೆನ್ನು ತಿರುಗಿಸಿ ಕೂತು ಕೇಳಿದ. ಪಿ-90 ಬಂದಾಗೆಲ್ಲ ಗುರುತು ಹಿಡಿದ. ಆಲ್ನಿಕೋ ಅಯಸ್ಕಾಂತದ ಸಿಂಗಲ್ ಕಾಯಿಲ್‌ಗೂ ಅಗ್ಗದ ಸೆರಾಮಿಕ್ ಅಯಸ್ಕಾಂತದ್ದಕ್ಕೂ ಮಾತ್ರ ಅವನಿಗೆ ಫರಕು ಸಿಗಲಿಲ್ಲ. ನನಗೂ ಅಲ್ಲಿ ಕಂಡದ್ದು ಅಷ್ಟಕ್ಕಷ್ಟೇ.

ಅಂಗಡಿಯಲ್ಲಿ ಪಿಕಪ್‌ನ ರೆಸಿಸ್ಟೆನ್ಸ್ ಓಮ್ ಲೆಕ್ಕದಲ್ಲಿ ಹೇಳಿ, ಜಾಸ್ತಿ ಇದ್ದರೆ ಜೋರು ಅನ್ನುತ್ತಾರೆ. ಮಲ್ಟಿಮೀಟರ್ ಇಟ್ಟರೆ ನನ್ನ ಹಂಬಕರ್, ಪಿ-90 ಎರಡೂ ಸುಮಾರು 8 ಕಿಲೋ ಓಮ್ ತೋರಿಸುತ್ತವೆ. ದನಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಆ ಸಂಖ್ಯೆ ನೋಡಿ ದುಡ್ಡು ಕೊಡಬೇಡಿ. ಅದಕ್ಕೂ ಮೊದಲು ಸ್ಕ್ರೂಡ್ರೈವರ್ ತೆಗೆದುಕೊಂಡು ಈಗಿರುವ ಪಿಕಪ್‌ನ ಎತ್ತರ ತಿದ್ದಿ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್‌ಗೂ ಸುಮಾರು 2 ಮಿಲಿಮೀಟರ್ ಇಟ್ಟು ಶುರು ಮಾಡಬಹುದು. ಸಿಂಗಲ್ ಕಾಯಿಲ್ ತೀರಾ ಹತ್ತಿರ ಬಂದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ, ದಪ್ಪ ತಂತಿಗಳ ಸ್ವರ ಅಲುಗಾಡುತ್ತದೆ.

ಈಗ ನನ್ನ ಸ್ಟೇಜ್ ಗಿಟಾರ್‌ನಲ್ಲಿ ಬ್ರಿಜ್‌ಗೆ ಹಂಬಕರ್, ನೆಕ್‌ಗೆ ಪಿ-90 ಇದೆ. ರೆಕಾರ್ಡಿಂಗ್ ಇದ್ದರೆ ಸಿಂಗಲ್ ಕಾಯಿಲ್ ಪಿಕ್‌ಗಾರ್ಡ್ ಹಾಕಿಕೊಳ್ಳುತ್ತೇನೆ. ಪಿ-90 ಗುಂಯ್ ಅಂದರೆ ಆಂಪ್‌ನಿಂದ ಸ್ವಲ್ಪ ದೂರ ಸರಿದು, ನಿಂತ ದಿಕ್ಕನ್ನು ನಿಧಾನಕ್ಕೆ ತಿರುಗಿಸುತ್ತಾ ಬರಬೇಕು. ಒಂದು ಕೋನದಲ್ಲಿ ಸದ್ದು ಸಾಕಷ್ಟು ಇಳಿಯುತ್ತದೆ. ಸೌಂಡ್ ಚೆಕ್ ಹೊತ್ತಿಗೇ ಆ ಜಾಗ ಹುಡುಕಿಕೊಳ್ಳಿ, ಲೈಟೆಲ್ಲ ಹಚ್ಚಿಸಿಯೇ ಹುಡುಕಿ.